ಪತ್ರಿಕೆಯಲ್ಲಿ ಅತ್ತೆಯ ಹೆಸರು

ಮೈದಾ ಅಂಟು ಕುದಿಯುವ ವಾಸನೆ ಬಂದರೆ ಈಗಲೂ ನನಗೆ ಭದ್ರಾವತಿಯ ಆ ಮಧ್ಯಾಹ್ನವೇ ನೆನಪಾಗುತ್ತದೆ.

ಸೂಲಗಿತ್ತಿಯಾಗಿದ್ದ ನನ್ನ ಸೋದರತ್ತೆ ಯಾವ ಪಕ್ಷವೂ ಇಲ್ಲದೆ ಚುನಾವಣೆಗೆ ನಿಂತಿದ್ದಳು. ಅವಳು ಹೆರಿಗೆ ಮಾಡಿಸಿದ್ದ ಹೆಂಗಸರೆಲ್ಲ ನಮ್ಮ ಅಂಗಳದಲ್ಲಿ ಸೇರಿ, ಗೋಡೆಗೆ ಹಚ್ಚುವ ಪೋಸ್ಟರುಗಳಿಗೆ ಅಂಟು ಕಾಯಿಸುತ್ತಿದ್ದರು. ಅಷ್ಟರಲ್ಲಿ ಶಿವಮೊಗ್ಗದ ಪತ್ರಿಕೆ ಬಂತು. ಹಿಂದಿನ ವಾರ ಅದರ ವರದಿಗಾರ ಅತ್ತೆಯನ್ನು ಬಹಳ ಹೊತ್ತು ಮಾತಾಡಿಸಿ ಹೋಗಿದ್ದ. ಅಲ್ಲಿದ್ದವರಲ್ಲಿ ಓದು ಬರುತ್ತಿದ್ದುದು ನಾಲ್ಕನೇ ಕ್ಲಾಸಿನ ನನಗೊಬ್ಬಳಿಗೇ.

"ಓದೇ ಪುಟ್ಟಿ, ನಮ್ಮಕ್ಕನ ಬಗ್ಗೆ ಏನ್ ಬರ್ದಿದಾರೆ?" ಎಂದರು ಹೆಂಗಸರು.

ಮೂವರು ಗಂಡಸರ ಫೋಟೊಗಳ ಕೆಳಗೆ ಒಂದೇ ಸಾಲಿತ್ತು: 'ಸೂಲಗಿತ್ತಿಯೊಬ್ಬಳೂ ನಿಂತಿದ್ದಾಳೆ, ಅವಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲ.'

"ಬಡವರ ತಾಯಿ, ಇವರೇ ಗೆಲ್ಲೋದು ಅಂತ ಬರ್ದಿದಾರೆ" ಎಂದೆ. ಅವರು ಅಂಟಿನ ಕೈಯಲ್ಲೇ ಚಪ್ಪಾಳೆ ತಟ್ಟಿದರು.

"ನನ್ ಹೆಸ್ರು ಎಲ್ಲಿದೆ, ತೋರ್ಸು" ಎಂದಳು ಅತ್ತೆ.

ನಾನು ಯಾರದೋ ಹೆಸರಿನ ಮೇಲೆ ಬೆರಳಿಟ್ಟೆ. ಅವಳು ಅದನ್ನೇ ನೋಡುತ್ತ ನಿಂತಳು. ಓದು ಬಾರದಿದ್ದರೂ, ನಾಮಪತ್ರಕ್ಕೆ ರುಜು ಹಾಕಲೆಂದು ತನ್ನ ಹೆಸರೊಂದನ್ನು ಎಂಟು ದಿನ ತಿದ್ದಿ ಕಲಿತಿದ್ದಳು. ಅದು ನನಗೆ ಮರೆತೇ ಹೋಗಿತ್ತು.

"ಹೌದ್ರೇ, ಚೆನ್ನಾಗೇ ಬರ್ದಿದಾರೆ" ಎಂದು ಹೆಂಗಸರಿಗೆ ಹೇಳಿ, ಪತ್ರಿಕೆ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನನ್ನ ತಲೆ ಸವರಿ, ಮತ್ತೆ ಅಂಟು ಕಲಕಲು ಕೂತಳು.