ಯಂತ್ರದ ದೋಷ

“ಲ್ಯಾಪ್‌ಟಾಪಿನ ಪಕ್ಕದಲ್ಲಿರೋ ಸಣ್ಣ ದೀಪ ಉರೀತಿದೆಯಾ?”

“ಇಲ್ಲ ಸರ್.”

“ಸರಿಯಾಗಿ ನೋಡಿ ಹೇಳಿ.”

“ನೋಡೇ ಹೇಳ್ತಿದೀನಿ ಸರ್. ಉರೀತಿಲ್ಲ.”

ಕಿವಿಗೂ ಹೆಗಲಿಗೂ ನಡುವೆ ಫೋನು ಸಿಕ್ಕಿಸಿಕೊಂಡು ವ್ಯಾನ್ ಚಾಲಕ ಹೆಂಡತಿಯ ಮೇಜಿನ ಮುಂದೆ ಕೂತಿದ್ದ. ರಾತ್ರಿಯ ಟ್ರಿಪ್ ಮುಗಿಸಿ ಬಂದವನು ಇನ್ನೂ ಬೂಟು ಬಿಚ್ಚಿರಲಿಲ್ಲ. ಕಣ್ಣು ಧಗಧಗ ಉರಿಯುತ್ತಿತ್ತು. ಆ ಕಡೆಯಿಂದ ಮಾತಾಡುತ್ತಿದ್ದವನು ಅವಳ ಕಂಪನಿಯ ರಿಪೇರಿ ವಿಭಾಗದ ಇಂಜಿನಿಯರ್. ಅವನ ದನಿಯೂ ನಿದ್ದೆಗೆಟ್ಟವನದೇ. ಕರೆ ಶುರುವಾಗುವ ಮೊದಲೇ ಹೆಣ್ಣು ದನಿಯೊಂದು, ಈ ಸಂಭಾಷಣೆಯನ್ನು ಧ್ವನಿಮುದ್ರಿಸಲಾಗುತ್ತಿದೆ ಎಂದು ಎಚ್ಚರಿಸಿತ್ತು.

ಹೆಂಡತಿ ಮನೆಯಿಂದಲೇ ಕೆಲಸ ಮಾಡುವವಳು. ಫೋನಿನಲ್ಲಿ ಗ್ರಾಹಕರ ದೂರು ಕೇಳುವುದು, ಕ್ಷಮೆ ಬೇಡುವುದು, ಬೈಸಿಕೊಳ್ಳುವುದು. ಹತ್ತು ಗಂಟೆಗೆ ಲಾಗಿನ್ ಆಗಲೇಬೇಕು. ಆಗದಿದ್ದರೆ ಅದು ರಜೆ. ಈ ತಿಂಗಳ ರಜೆಯೆಲ್ಲ ಮುಗಿದಿತ್ತು. ಇನ್ನೊಂದು ಹಾಕಿದರೆ ಮತ್ತೆ ಬರುವುದೇ ಬೇಡ ಎಂದು ಮೇಲ್ವಿಚಾರಕಿ ಮೊನ್ನೆಯೇ ಖಡಾಖಂಡಿತವಾಗಿ ಹೇಳಿದ್ದಳು. ಕಂಪನಿ ಕೊಟ್ಟ ಲ್ಯಾಪ್‌ಟಾಪೇ ಕೈಕೊಟ್ಟರೆ ಮಾತ್ರ ವಿನಾಯಿತಿ. ಅದನ್ನೂ ಇಂಜಿನಿಯರ್ ಒಪ್ಪಬೇಕು. ಚಾಲಕನ ಟ್ರಿಪ್ಪುಗಳು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಮನೆ ನಿಂತಿದ್ದುದೇ ಅವಳ ಕೆಲಸದ ಮೇಲೆ.

“ಬೇರೆ ಪ್ಲಗ್‌ಗೆ ಹಾಕಿ ನೋಡಿದ್ರಾ?”

“ಅಡುಗೆಮನೇಲೂ ನೋಡಾಯ್ತು ಸರ್.”

“ಚಾರ್ಜರ್ ಮುಟ್ಟಿ ನೋಡಿ. ಬಿಸಿ ಇದೆಯಾ?”

ಚಾಲಕ ಮುಟ್ಟಿದ. ಉತ್ತರ ಕೊಂಚ ತಡವಾಯಿತು.

“ತಣ್ಣಗಿದೆ ಸರ್. ಕಲ್ಲಿನ ಹಾಗೆ.”

ಆ ಕಡೆ ಕೀಲಿಮಣೆ ಟಕಟಕ ಎಂದಿತು. ಆಮೇಲೆ ನಿಂತಿತು.

“ಮನೇಲಿ ಇಂಟರ್ನೆಟ್ ಇದೆಯಾ?”

“ಇದೆ ಸರ್. ಅದು ಚೆನ್ನಾಗಿದೆ. ಅದರದ್ದೇನೂ ತಕರಾರಿಲ್ಲ.”

“ಹೌದು,” ಎಂದ ಇಂಜಿನಿಯರ್. “ಅದು ಚೆನ್ನಾಗೇ ಇದೆ. ಮೇಡಂ ಎಲ್ಲಿ? ಅವರೇ ಮಾತಾಡಬಹುದಿತ್ತಲ್ಲ?”

ಮೇಡಂ ಒಳಕೋಣೆಯಲ್ಲಿ ಎರಡೆರಡು ಹೊದಿಕೆ ಹೊದ್ದು ನಡುಗುತ್ತಿದ್ದಳು. ಮೊನ್ನೆಯಿಂದ ಬಿಡದ ಜ್ವರ. ನಿನ್ನೆ ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡೇ ಸಂಜೆಯವರೆಗೆ ಕಂಡಕಂಡವರಿಗೆ ‘ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ’ ಎಂದಿದ್ದಳು. ಬೆಳಗ್ಗೆ ಮೇಜಿನವರೆಗೆ ಬಂದು ಲ್ಯಾಪ್‌ಟಾಪ್ ತೆರೆದವಳು ಅಲ್ಲೇ ಕುಸಿದಿದ್ದಳು. ಅತ್ತೆಯೇ ಎತ್ತಿಕೊಂಡು ಹೋಗಿ ಮಲಗಿಸಿದ್ದು. ಇದೆಲ್ಲದರ ಮೇಲೆ ಈಗ ಈ ಚಾರ್ಜರಿನ ರಗಳೆ. ಸಾಕಪ್ಪಾ ಸಾಕು ಅನ್ನಿಸಿಬಿಟ್ಟಿತ್ತು ಚಾಲಕನಿಗೆ.

“ಸ್ನಾನಕ್ಕೆ ಹೋಗಿದಾಳೆ ಸರ್.”

ಅದೇ ಹೊತ್ತಿಗೆ ಒಳಗಿನಿಂದ ಕೆಮ್ಮು. ಕರುಳು ಕಿತ್ತು ಬರುವಂಥ ಕೆಮ್ಮು, ನಿಲ್ಲಲೇ ಇಲ್ಲ.

“ಅದ್ಯಾರು?”

“ನಮ್ಮಮ್ಮ ಸರ್. ವಯಸ್ಸಾಯ್ತು ನೋಡಿ.”

“ಇನ್ನೂ ಮುಗೀಲಿಲ್ವೇನೋ ನಿಂದು?” ಅಡುಗೆಮನೆಯಿಂದ ತಾಯಿಯ ಕಂಚಿನ ಕಂಠ ಮೊಳಗಿತು. “ಬಿಸಿನೀರು ಕಾದಿದೆ, ಮಾತ್ರೆ ಕೊಡಬೇಕು. ಅವಳನ್ನ ಎಬ್ಬಿಸು ಬಾರೋ!”

ಚಾಲಕ ಅಂಗೈಯಿಂದ ಫೋನು ಮುಚ್ಚಿದ. ಆಗಲೇ ತಡವಾಗಿತ್ತು.

ಇಂಜಿನಿಯರ್ ಗಂಟಲು ಸರಿಮಾಡಿಕೊಂಡ. “ನೋಡಿ, ಕೆಲವರು ನಾಟಕ ಆಡ್ತಾರೆ. ಅದಕ್ಕೇ ನಾವು ಎಲ್ಲಾನೂ ಪರೀಕ್ಷೆ ಮಾಡಬೇಕಾಗುತ್ತೆ. ಒಂದು ಕೆಲಸ ಮಾಡಿ. ಆ ಕೋಣೇಲಿರೋ ಪ್ಲಗ್‌ಗಳನ್ನೆಲ್ಲ ತೆಗೀರಿ.”

“ಎಲ್ಲಾನಾ ಸರ್?”

“ಎಲ್ಲಾನೂ. ಇಂಟರ್ನೆಟ್ ಡಬ್ಬಿದು ಮೊದಲು.”

ಚಾರ್ಜರಿಗೂ ಇಂಟರ್ನೆಟ್ ಡಬ್ಬಿಗೂ ಎಲ್ಲಿಂದೆಲ್ಲಿಯ ಸಂಬಂಧ ಎಂದು ಚಾಲಕನಿಗೆ ತಿಳಿಯಲಿಲ್ಲ. ಮೈಮುರಿದು ಏಳುವ ಶಕ್ತಿಯೂ ಅವನಲ್ಲಿರಲಿಲ್ಲ.

“ತೆಗೆದೆ ಸರ್.”

“ತೆಗೆದ್ರಾ?”

“ತೆಗೆದೆ.”

“ನಿಜವಾಗ್ಲೂ?”

“ದೇವರಾಣೆ ಸರ್.”

ಆ ಕಡೆಯಿಂದ ಉದ್ದನೆಯ ನಿಟ್ಟುಸಿರು ಕೇಳಿಸಿತು. ಈ ಮನುಷ್ಯ ತನ್ನನ್ನು ನಂಬುತ್ತಿಲ್ಲ. ಚಾಲಕನಿಗೆ ಸಿಟ್ಟೂ ಅಳುವೂ ಒಟ್ಟೊಟ್ಟಿಗೇ ಬಂದವು.

“ಸರ್, ನಿಮ್ಮ ಕಾಲಿಗೆ ಬೀಳ್ತೀನಿ. ಹತ್ತಾಗ್ತಾ ಬಂತು. ಕೆಟ್ಟಿದೆ ಅಂತಾದ್ರೂ ಹೇಳಿ, ಇಲ್ಲ ಅಂತಾದ್ರೂ ಹೇಳಿಬಿಡಿ. ಅವಳ ಕೆಲಸ ಹೋದ್ರೆ ನಾವು ಬೀದಿಗೆ ಬೀಳ್ತೀವಿ.”

ಒಳಗೆ ಕೆಮ್ಮು ಇನ್ನೂ ನಡೆದೇ ಇತ್ತು. ಅದು ಎರಡೂ ಕಡೆ ಕೇಳಿಸುತ್ತಿತ್ತು. ಕೀಲಿಮಣೆ ಮತ್ತೆ ಸದ್ದು ಮಾಡಿತು, ಈ ಸಲ ನಿಧಾನವಾಗಿ.

“ಬರ್ಕೊಂಡೆ,” ಎಂದ ಇಂಜಿನಿಯರ್, ಪಾಠ ಒಪ್ಪಿಸುವವನ ಹಾಗೆ. “ಯಂತ್ರದ ದೋಷ. ಒಳಗಿನ ಬೋರ್ಡು ಹೋಗಿದೆ. ಬೇರೆ ಲ್ಯಾಪ್‌ಟಾಪ್ ಬರೋಕೆ ನಾಲ್ಕು ದಿನ ಆಗುತ್ತೆ. ಅಲ್ಲಿವರೆಗೆ ಮೇಡಂ ಕೆಲಸ ಮಾಡೋ ಹಾಗಿಲ್ಲ. ಅದು ರಜೆ ಲೆಕ್ಕಕ್ಕೆ ಬರಲ್ಲ.”

ಕರೆ ನಿಂತಿತು.

ಚಾಲಕ ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದ. ಒಳಗೆ ತಾಯಿ ಸೊಸೆಗೆ ಮಾತ್ರೆ ನುಂಗಿಸುತ್ತ, ಮಗುವನ್ನು ಗದರುವಂತೆ ಗದರುತ್ತಿದ್ದಳು. ನಾಲ್ಕು ದಿನ. ಅವಳು ನಾಲ್ಕು ದಿನ ಮಲಗಬಹುದು.

ಒಂದು ಬೂಟು ಬಿಚ್ಚುವಷ್ಟರಲ್ಲಿ ಫೋನು ಮತ್ತೆ ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು. ಈ ಸಲ ಧ್ವನಿಮುದ್ರಣದ ಎಚ್ಚರಿಕೆ ಬರಲಿಲ್ಲ.

“ನಾನೇ, ಇಂಜಿನಿಯರ್. ಇದು ನನ್ನ ಸ್ವಂತ ಫೋನು,” ಎಂದಿತು ಅದೇ ದಣಿದ ದನಿ, ಪಿಸುಮಾತಿನಲ್ಲಿ. “ಊಟದ ಹೊತ್ತಿಗೆ ನಮ್ಮ ಸಾಹೇಬರು ಬಂದು ನನ್ನ ಸ್ಕ್ರೀನ್ ನೋಡ್ತಾರೆ. ಅಷ್ಟರೊಳಗೆ ಆ ಇಂಟರ್ನೆಟ್ ಡಬ್ಬಿ ಪ್ಲಗ್ ನಿಜವಾಗ್ಲೂ ಕೀಳ್ರಿ ಪುಣ್ಯಾತ್ಮರೆ. ಬೆಳಗ್ಗೆಯಿಂದ ನಿಮ್ಮ ಲ್ಯಾಪ್‌ಟಾಪ್ ಆನ್ ಇದೆ, ಬ್ಯಾಟರಿ ನೂರಕ್ಕೆ ನೂರು ಅಂತ ಅದು ಇಲ್ಲಿ ತೋರಿಸ್ತಾನೇ ಇದೆ.”