ನಲವತ್ತನೇ ಹಾಳೆ

ಕಾಗದ ಪರೀಕ್ಷಕ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದ, ಒರೆಸಿಕೊಂಡ, ಮತ್ತೆ ಇಟ್ಟ. ಅದೇ ಮರದ ನಾರು. ಅಪ್ಪಟ ಕಾರ್ಖಾನೆಯ ಕಾಗದ. ಹತ್ತು ವರ್ಷವೂ ಆಗಿರಲಿಕ್ಕಿಲ್ಲ. ನಾನೂರು ವರ್ಷದ ಹಿಂದೆ ಸಂತನೊಬ್ಬ ಕೈಯಾರೆ ಬರೆದದ್ದೆಂದು ಜನ ಕಣ್ಣಿಗೊತ್ತಿಕೊಳ್ಳುತ್ತಿದ್ದ ಪುಸ್ತಕ!

"ಇದನ್ನ ಈಚೆಗೆ ಯಾರೋ ಹುಟ್ಟಿಸಿದ್ದು" ಎಂದು ಕೆಲವರು ತಕರಾರು ಎತ್ತಿದ್ದರಿಂದ ಗ್ರಂಥಾಲಯ ಅದನ್ನು ಅವನಿಗೆ ಕಳಿಸಿತ್ತು. ಷರತ್ತು ಎರಡು. ಒಂದೇ ಹಾಳೆಯಿಂದ ಉಗುರಿನ ಚೂರಿನಷ್ಟು ಕತ್ತರಿಸಬಹುದು. ವರದಿ ಹೊರಬೀಳುವತನಕ ಮನೆಯಲ್ಲೂ ಬಾಯಿ ಬಿಡಬಾರದು. ಅವನ ಕೈ ತಾನಾಗಿ ನಲವತ್ತನೇ ಹಾಳೆಗೆ ಹೋಗಿತ್ತು. 'ಹೋದವರಿಗೆ ನಿಮ್ಮ ಮಾತು ಕೇಳಿಸುತ್ತದೆ' ಎಂಬ ಸಾಲು ಅಲ್ಲಿತ್ತು.

ಎಂಟು ವರ್ಷದ ಹಿಂದೆ ಮಗಳು ತೀರಿಕೊಂಡಾಗ ಅವನು ತಿಂಗಳುಗಟ್ಟಲೆ ಗೋಡೆ ನೋಡುತ್ತ ಮಲಗಿದ್ದ. ಅದೇ ಗ್ರಂಥಾಲಯದಲ್ಲಿ ಹಳೆಯ ಪುಸ್ತಕಗಳಿಗೆ ತೇಪೆ ಹಾಕುವ ಹೆಂಡತಿ, ಆ ಕೈಬರಹ ನೋಡಿ ಆಗಷ್ಟೇ ಅಚ್ಚು ಹಾಕಿದ್ದ ಒಂದು ಪ್ರತಿಯನ್ನು ತಂದು, ಆ ಸಾಲಿದ್ದ ಪುಟದ ಕಿವಿ ಮಡಚಿ, ದಿಂಬಿನ ಪಕ್ಕ ಇಟ್ಟಳು. ಅವನು ಎದ್ದು ಕೂತ. ಅಂದಿನಿಂದ ದಿನಾ ಬೆಳಿಗ್ಗೆ ಮಗಳ ಕುರ್ಚಿಯೆದುರು ಚಹಾ ಹಿಡಿದು ಕೂತು, ಆಫೀಸಿನ ಜಗಳ, ಬಸ್ಸಿನ ನೂಕುನುಗ್ಗಲು ಎಲ್ಲವನ್ನೂ ಹೇಳಿಯೇ ಹೊರಡುತ್ತಿದ್ದ.

ಸುಳ್ಳು ಬರೆಯಲು ಕೈ ಬರಲಿಲ್ಲ. 'ಇಡೀ ಪುಸ್ತಕ ನಕಲಿ' ಎಂದು ವರದಿಗೆ ಸಹಿ ಹಾಕಿ, ಪುಸ್ತಕದ ಜೊತೆ ಕಳಿಸಿದ.

ಮೂರನೇ ದಿನ ವರದಿ ಹೊರಬಿತ್ತು. ನಂಬಿದ್ದ ಜನವೇ ಸಿಟ್ಟಿಗೆದ್ದು ಗ್ರಂಥಾಲಯಕ್ಕೆ ನುಗ್ಗಿ ಪುಸ್ತಕವನ್ನು ಸುಟ್ಟುಹಾಕಿದರು. ಹೆಂಡತಿ ಅತ್ತುಕೊಂಡು ಮನೆಗೆ ಬಂದಾಗ ಅವನು ಕುರ್ಚಿಯನ್ನು ಅಟ್ಟಕ್ಕೆ ಏರಿಸುತ್ತಿದ್ದ.

"ಅಯ್ಯೋ, ಅದನ್ನ ಯಾಕ್ರೀ ತೆಗೀತೀರ?"

"ಎಂಟು ವರ್ಷ ಬರೀ ಕುರ್ಚಿ ಜೊತೆ ಮಾತಾಡಿದೀನಿ ಕಣೇ. ಆ ವರದಿ ಬರೆದವನು ನಾನೇ."

ಅವಳು ಕಣ್ಣೊರೆಸಿಕೊಂಡಳು. "ಪುಸ್ತಕ ಯಾರು ಬರೆದಿದ್ರೇನು? ಆ ಮಾತು ನಿಮ್ಮನ್ನ ಎಬ್ಬಿಸಿ ಕೂರಿಸ್ತಲ್ಲ, ಅದೂ ಸುಳ್ಳಾ?"

"ಸಂತ ಅಂದ್ರೆ ಕಂಡು ಹೇಳಿರ್ತಾನೆ ಅಂತ ನಂಬಿದ್ದೆ. ಯಾರೋ ಕೂತು ಕಟ್ಟಿದ ಮಾತಾದ್ರೆ ನನ್ನ ಮಗಳಿಗೆ ಏನೂ ಕೇಳಿಸಿಲ್ಲ. ಒಂದು ದಿನಾನೂ ಕೇಳಿಸಿಲ್ಲ."

ಅವಳು ಅವನತ್ತ ತಿರುಗಿದಳು. "ಯಾವ ಹಾಳೆ ಕತ್ತರಿಸಿದ್ರಿ?"

"ಇನ್ಯಾವುದು? ನಲವತ್ತನೇದು. ನಮ್ಮದು."

ಅವಳು ತನ್ನ ಎರಡೂ ಅಂಗೈ ನೋಡಿಕೊಂಡಳು.

"ಉಳಿದದ್ದೆಲ್ಲ ಸಂತನದೇ ಆಗಿತ್ತು ರೀ. ಆ ಒಂದು ಹಾಳೇನ ಹುಳ ಪೂರ್ತಿ ತಿಂದುಹಾಕಿತ್ತು. ನೀವು ಊಟ ಬಿಟ್ಟು ಮಲಗಿದ್ರಲ್ಲ, ಆಗ ನಾನೇ ಬರೆದು ಅಂಟಿಸಿದ್ದು."