ಲಿಸ್ಟಿನಲ್ಲಿಲ್ಲದ ಮನೆ

ಮೂರನೇ ಸಲವೂ ದೋಣಿ ನರಸಿಂಹಮೂರ್ತಿಯವರ ಮಹಡಿ ಮನೆಯ ಮುಂದೆಯೇ ನಿಂತಾಗ ವಜೀರುನ್ನೀಸಾಳ ಸಹನೆ ಮುಗಿಯಿತು.

“ಏನ್ ಸ್ವಾಮಿ, ನಿಮ್ಮನೇಲಿ ಎಷ್ಟು ಫೋನಿದಾವೋ ಅಷ್ಟು ಸಲ ನಾವು ಬರ್ಬೇಕಾ?” ಎಂದು ಕೆಳಗಿನಿಂದಲೇ ಕೇಳಿದಳು.

ಎರಡನೇ ಮಹಡಿಯಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ನರಸಿಂಹಮೂರ್ತಿ ಮುಖ ಸಣ್ಣದು ಮಾಡಿಕೊಂಡರು. “ಈ ಸಲ ನಾವಲ್ಲಮ್ಮ. ಚಿಂತಾಮಣಿಯಿಂದ ನಮ್ಮ ಮಗಳು ಶಿರೀಷಾ ಫೋನ್ ಮಾಡಿರ್ಬೇಕು, ಗಾಬರಿಗೆ. ನಾವೆಲ್ಲ ಚೆನ್ನಾಗೇ ಇದೀವಿ. ಇನ್ನೊಂದ್ಸಲ ಈ ಕಡೆ ಬಂದ್ರೆ ಎರಡು ಪ್ಯಾಕೆಟ್ ಹಾಲು ಸಿಗುತ್ತಾ ನೋಡಿ.”

ದೋಣಿಯ ಮುಂದುಗಡೆ ಕೂತಿದ್ದ ಸೇನೆಯ ಹವಾಲ್ದಾರ್ ಸುನೀಲ್‌ಕುಮಾರ್ ಒದ್ದೆಯಾಗದ ಹಾಗೆ ಪಟ್ಟಿಯನ್ನು ಎದೆಗೊತ್ತಿ ಹಿಡಿದು, ಆ ಹೆಸರಿನ ಮುಂದೆಯೂ ಒಂದು ಗೆರೆ ಎಳೆದ.

ಚಂಡಮಾರುತದ ಮಳೆ ಮೂರು ದಿನ ಬಿಡದೆ ಹೊಯ್ದು, ನಸುಕಿನಲ್ಲಿ ಕೆರೆ ಏರಿ ಒಡೆದು, ಶಿಡ್ಲಘಟ್ಟದ ತಗ್ಗಿನ ಬಡಾವಣೆಗಳೆಲ್ಲ ಮುಳುಗಿದ್ದವು. ಸೇನೆಯ ರಬ್ಬರ್ ದೋಣಿಗಳು ಬರುವ ಮೊದಲೇ ಪಂಕ್ಚರ್ ಅಂಗಡಿಯ ನಯೀಮ್ ಲಾರಿ ಟ್ಯೂಬುಗಳ ಮೇಲೆ ಹಲಗೆ ಕಟ್ಟಿ ಹನ್ನೊಂದು ಜನರನ್ನು ದಡ ಸೇರಿಸಿದ್ದ. ಅವರಲ್ಲಿ ವಜೀರುನ್ನೀಸಾಳೂ ಒಬ್ಬಳು. ಹನ್ನೆರಡನೆಯವಳು ಅಮ್ಮಾಜಮ್ಮ ಆಗಬೇಕಿತ್ತು. ಅಷ್ಟರಲ್ಲಿ ಸೇನೆ ಬಂತು. ಇನ್ನು ಖಾಸಗಿಯವರು ನೀರಿಗಿಳಿಯುವಂತಿಲ್ಲ ಎಂದು ಪೊಲೀಸರು ನಯೀಮನ ಟ್ಯೂಬುಗಳನ್ನು ಜನರ ಕ್ಷೇಮಕ್ಕಾಗಿ ಕಿತ್ತಿಟ್ಟುಕೊಂಡರು.

ಬಂದ ಸೈನಿಕರಿಗೆ ಕನ್ನಡ ಬಾರದು, ಛಾವಣಿ ಹತ್ತಿ ಕೂತವರಿಗೆ ಹಿಂದಿ ಬಾರದು. ಉರ್ದು ಮನೆಮಾತಿನ ವಜೀರುನ್ನೀಸಾ ತಾನೇ ಮುಂದೆ ಬಂದು ದೋಣಿ ಹತ್ತಿದ್ದು ಆ ಹನ್ನೆರಡನೆಯವಳಿಗಾಗಿ. ಕೊನೇ ಕ್ರಾಸಿನ ಹಂಚಿನ ಮನೆಯಲ್ಲಿ ಅಮ್ಮಾಜಮ್ಮ ಒಬ್ಬಳೇ ಇದ್ದಳು. ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯಲ್ಲಿ ಇಬ್ಬರೂ ಇಪ್ಪತ್ತೆರಡು ವರ್ಷ ಅಕ್ಕಪಕ್ಕ ಕೂತು ಕುದಿನೀರಿನಿಂದ ಗೂಡು ಎತ್ತಿದವರು. ಈಗ ಅಮ್ಮಾಜಮ್ಮನಿಗೆ ಕಣ್ಣು ಮಂಜು. ಜೊತೆಗಿದ್ದ ತಂಗಿ ಮಗಳು ಕೈವಾರಕ್ಕೆ ಹೋದವಳು ಮಳೆಗೆ ಅಲ್ಲೇ ಸಿಕ್ಕಿಬಿದ್ದಿದ್ದಳು.

“ಭಾಯಿ, ಆ ಸಂದಿಯೊಳಗೆ ಒಂದೇ ಸಲ ಹೋಗಿ ಬರೋಣ,” ಎಂದು ವಜೀರುನ್ನೀಸಾ ಬೆಳಗ್ಗಿನಿಂದ ಉರ್ದುವಿನಲ್ಲಿ ಅದೆಷ್ಟು ಸಲ ಹೇಳಿದ್ದಳೋ. ಹವಾಲ್ದಾರನದು ಒಂದೇ ಉತ್ತರ: “ಲಿಸ್ಟ್ ಮೇ ನಹೀ ಹೈ, ಮಾಜೀ.” ಕೆಟ್ಟವನೇನಲ್ಲ, ತನ್ನ ಪಾಲಿನ ಬಿಸ್ಕತ್ತನ್ನೂ ಮಕ್ಕಳಿಗೆ ಕೊಟ್ಟಿದ್ದ. “ಪಟ್ಟಿ ಬಿಟ್ಟು ಬೇರೆ ಕಡೆ ಹೋದಾಗ ಪಟ್ಟಿಯಲ್ಲಿದ್ದವರು ಸತ್ತರೆ ನಾನು ಯಾರಿಗೆ ಏನು ಹೇಳಲಿ?” ಎಂದು ಕೇಳುತ್ತಿದ್ದ. ಸಹಾಯವಾಣಿಗೆ ಫೋನ್ ಮಾಡಿದವರ ಹೆಸರಷ್ಟೇ ಪಟ್ಟಿಗೆ ಬರುತ್ತಿತ್ತು. ಅಮ್ಮಾಜಮ್ಮನ ಬಳಿ ಫೋನೇ ಇರಲಿಲ್ಲ.

ನರಸಿಂಹಮೂರ್ತಿಯವರ ಗೇಟು ದಾಟುತ್ತಿದ್ದಂತೆ ವಜೀರುನ್ನೀಸಾ ರವಿಕೆಯೊಳಗಿನ ಪ್ಲಾಸ್ಟಿಕ್ ಚೀಲದಿಂದ ತನ್ನ ಮೊಬೈಲ್ ತೆಗೆದು ಅದೇ ಸಹಾಯವಾಣಿಗೆ ಹಚ್ಚಿದಳು.

“ಎಲ್ಲಿಂದ ಮಾತಾಡ್ತಿದೀರ ಮೇಡಂ?” ಎಂದಿತು ಒಂದು ಹುಡುಗಿಯ ದನಿ.

“ದೋಣಿಯಿಂದ.”

“ದೋಣೀಲಿದ್ರೆ ನೀವು ಸೇಫ್ ಅಲ್ವಾ?”

“ನಾನು ಸೇಫೇ ಕಣಮ್ಮ. ಕೊನೇ ಕ್ರಾಸಲ್ಲಿ ನಮ್ಮ ಅಮ್ಮಾಜಕ್ಕ ಇದಾಳೆ, ಒಬ್ಳೇ. ಕಣ್ಣು ಕಾಣಲ್ಲ.”

“ಅವರ ಮೊಬೈಲ್ ನಂಬರ್ ಹೇಳಿ.”

“ಮೊಬೈಲ್ ಇದ್ದಿದ್ರೆ ಅವಳೇ ಮಾಡ್ತಿರ್ಲಿಲ್ವಾ ತಾಯಿ?”

“ನಂಬರ್ ಹಾಕ್ದೆ ಎಂಟ್ರಿ ಆಗಲ್ಲ ಮೇಡಂ.”

ವಜೀರುನ್ನೀಸಾ ಹಲ್ಲು ಕಚ್ಚಿ ತನ್ನ ನಂಬರನ್ನೇ ಅಮ್ಮಾಜಮ್ಮನದೆಂದು ಹೇಳಿದಳು. ಮನೆ ನಂಬರು ಗೊತ್ತಿಲ್ಲವೆಂದಾಗ ಹುಡುಗಿ ಗುರುತು ಕೇಳಿದಳು. ಇವಳು ನುಗ್ಗೆ ಮರ ಎಂದಳು. “ಹತ್ತಿರದ ತಂಡಕ್ಕೆ ತಿಳಿಸ್ತೀವಿ,” ಎಂದು ಹುಡುಗಿ ಫೋನ್ ಇಟ್ಟಳು. ಹತ್ತಿರದ ತಂಡ ವಜೀರುನ್ನೀಸಾಳ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತಿತ್ತು.

ಆ ಸುದ್ದಿ ಊರೆಲ್ಲ ಸುತ್ತಿ ಹವಾಲ್ದಾರನ ವೈರ್‌ಲೆಸ್ಸಿಗೆ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ಅವರು ಇನ್ನೆರಡು ಮನೆ ಮುಗಿಸಿ, ಕೊನೇ ಕ್ರಾಸಿನ ಬಾಯಿಯನ್ನು ಎರಡು ಸಲ ಹಾದುಹೋಗಿದ್ದರು. ಸುನೀಲ್‌ಕುಮಾರ್ ಪಟ್ಟಿಯ ಕೊನೆಯಲ್ಲಿ ಹೊಸ ಹೆಸರು ಬರೆದುಕೊಂಡ. ಬರೆಯುವಾಗ ಅವಳ ಮುಖ ನೋಡಲಿಲ್ಲ. ಮೋಟಾರಿನವನಿಗೆ ಮಾತ್ರ, ಉಳಿದದ್ದು ಆಮೇಲೆ, ಮೊದಲು ಇದೇ ಎಂದ.

ಬಾಗಿಲು ನೀರಿಗೆ ಉಬ್ಬಿ ಬಿಗಿದುಕೊಂಡಿತ್ತು. ಸೈನಿಕರಿಬ್ಬರು ಹೆಗಲು ಕೊಟ್ಟು ಒಡೆದರು. ಅಡುಗೆಮನೆಯ ಒಲೆಕಟ್ಟೆಯ ಮೇಲೆ ಅಮ್ಮಾಜಮ್ಮ ನಿಂತಿದ್ದಳು, ತೊಡೆಮಟ್ಟ ನೀರಿನಲ್ಲಿ, ಕಿಟಕಿಯ ಸರಳು ಹಿಡಿದು. ಬದುಕಿದ್ದಳು. ಎತ್ತಿಕೊಳ್ಳಲು ಹೋದರೆ ಕೈ ಸರಳು ಬಿಡುತ್ತಿಲ್ಲ. ಬೆರಳುಗಳು ಹಿಡಿದ ಹಾಗೇ ಸೆಟೆದುಹೋಗಿದ್ದವು. ವಜೀರುನ್ನೀಸಾ ಸೀರೆ ಸಮೇತ ನೀರಿಗಿಳಿದು, ಒಳಗೆ ನಡೆದು, ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು.

“ಮೆಲ್ಲಗಾ ತಲ್ಲಿ, ಮೆಲ್ಲಗೆ,” ಎಂದಳು ಅಮ್ಮಾಜಮ್ಮ, ತೆಲುಗು ಕನ್ನಡ ಎರಡೂ ಬೆರೆಸಿ.

“ಬೆಳಗ್ಗಿಂದ ಬಾಯಿಗೇನಾಗಿತ್ತು ನಿಂಗೆ?” ವಜೀರುನ್ನೀಸಾ ರೇಗಿದಳು. ದಿನವಿಡೀ ಯಾರ ಮೇಲೂ ತೀರದ ಸಿಟ್ಟೆಲ್ಲ ಅವಳ ಮೇಲೆ ಬಂದಿತ್ತು. “ಒಂದು ಸಲ ಕೂಗಿದ್ರೂ ಕೇಳಿಸ್ತಿತ್ತಲ್ಲ ಅಕ್ಕ. ಈ ಕ್ರಾಸಿನ ಬಾಯಲ್ಲೇ ಓಡಾಡ್ತಿದ್ವಿ.”

“ಕೇಳಿಸ್ತು ಕಣೇ, ದೋಣಿ ಸದ್ದು ಕೇಳಿಸ್ತಾನೇ ಇತ್ತು,” ಎಂದಳು ಅಮ್ಮಾಜಮ್ಮ. “ಯಾರಿಗೋ ಬಂದಿರೋದು, ನಾವ್ಯಾಕೆ ಅಡ್ಡ ಬರೋದು ಅಂತ ಸುಮ್ನಿದ್ದೆ.”